ಗಾರೆಯವನ ಹನ್ನೆರಡು

ಮಗಳಿಗೆ ಹದಿನೆಂಟು ತುಂಬುವುದರೊಳಗೆ ಒಂದು ಸಲವಾದರೂ ಗೆದ್ದು ತೋರಿಸುತ್ತೇನೆ ಎಂದು ಅವಳು ಮಾತು ಕೊಟ್ಟಾಗ, ಮಗಳಿಗೆ ಆರು ಮುಗಿದು ಏಳು ನಡೆಯುತ್ತಿತ್ತು.

ಅಡುಗೆಮನೆಯ ಮೇಜಿನ ಮೇಲೆ ಯಾರೋ ಬೇಡವೆಂದು ಕೊಟ್ಟ ಹಳೇ ಕಂಪ್ಯೂಟರು. ಅದರ ಪರದೆಯಲ್ಲಿ ಹದಿನಾಲ್ಕು ದೇಶಗಳ ಹದಿನಾಲ್ಕು ಹಾಡುಗಳ ಪಟ್ಟಿ. ಆಗಿನ್ನೂ ಒಬ್ಬೊಬ್ಬರು ಮೂರೇ ಹಾಡಿಗೆ ಅಂಕ ಕೊಡುವ ಕಾಲ. ಒಬ್ಬೊಬ್ಬರ ಅಂಕ ಓದಿದಂತೆಲ್ಲ ಬೇರೆಯವರ ಹಾಡುಗಳು ಏಣಿ ಹತ್ತಿದ ಹಾಗೆ ಮೇಲೆ ಹೋಗುತ್ತಿದ್ದವು. ಇವರದು ಮಾತ್ರ ತಳದಲ್ಲಿ ಬೇರುಬಿಟ್ಟು ಕೂತಿತ್ತು, ಪಕ್ಕದಲ್ಲಿ ಒಂದು ದುಂಡನೆಯ ಸೊನ್ನೆ ಇಟ್ಟುಕೊಂಡು.

"ಅಮ್ಮಾ, ನಮ್ಮ ಹಾಡು ಯಾರಿಗೂ ಬೇಡ್ವಾ?" ಎಂದಿತು ಮಗು. ತುಟಿ ಆಗಲೇ ಸೊಟ್ಟಗಾಗಿತ್ತು.

"ಬೇಕಾಗತ್ತೆ ಪುಟ್ಟಿ. ನಿಂಗೆ ಹದಿನೆಂಟು ತುಂಬೋದ್ರೊಳಗೆ ಗೆದ್ದು ತೋರಿಸ್ತೀನಿ. ಬೇಕಾದ್ರೆ ಅಜ್ಜೀನೇ ಸಾಕ್ಷಿ."

ಬಾಗಿಲ ಬಳಿಯ ಕುರ್ಚಿಯಿಂದ ಅತ್ತೆ ಅಂದರು: "ನಾನ್ಯಾಕಪ್ಪಾ ಸಾಕ್ಷಿ? ಹದಿನೆಂಟರ ಹೊತ್ತಿಗೆ ನಾನಿರ್ತೀನೋ ಇಲ್ವೋ."

ಅತ್ತೆ ಇದ್ದರು. ಇದ್ದದ್ದಷ್ಟೇ ಅಲ್ಲ, ಈ ಹನ್ನೊಂದು ವರ್ಷದಲ್ಲಿ ಮನೆಯ ಮುಖ್ಯ ತೀರ್ಪುಗಾರರಾಗಿಬಿಟ್ಟಿದ್ದರು.

ಸ್ಪರ್ಧೆ ಇಷ್ಟೇ. ಲೋಕದ ಮೂಲೆಮೂಲೆಯಲ್ಲಿರುವ ಹಾಡಿನ ಹುಚ್ಚಿನವರು ಇಂಟರ್ನೆಟ್ಟಿನಲ್ಲಿ ಒಂದು ಬಳಗ ಕಟ್ಟಿಕೊಂಡಿದ್ದಾರೆ. ವರ್ಷಕ್ಕೆ ಐದು ಸುತ್ತು. ಸುತ್ತಿಗೊಮ್ಮೆ ಒಬ್ಬೊಬ್ಬರು ಒಂದೊಂದು ದೇಶದ ಹೆಸರಿನಲ್ಲಿ, ಹೆಚ್ಚು ಜನ ಕೇಳಿರದ ಒಂದು ಹಾಡು ಕಳಿಸಬೇಕು. ಎಲ್ಲರೂ ಎಲ್ಲ ಹಾಡನ್ನೂ ಕೇಳಿ, ತಮ್ಮದನ್ನು ಬಿಟ್ಟು ಹತ್ತು ಹಾಡುಗಳಿಗೆ ಅಂಕ ಹಾಕಬೇಕು. ಮೊದಲನೆಯದಕ್ಕೆ ಹನ್ನೆರಡು, ಎರಡನೆಯದಕ್ಕೆ ಹತ್ತು, ಆಮೇಲೆ ಎಂಟು, ಏಳು, ಆರು ಹೀಗೆ ಇಳಿದು ಒಂದರವರೆಗೆ. ಅಂಕ ಹಾಕದವರ ಹಾಡು ಪಟ್ಟಿಯಿಂದ ಔಟು. ಬಹುಮಾನ ಗಿಹುಮಾನ ಏನೂ ಇಲ್ಲ. ಗೆದ್ದವರಿಗೆ ಸಿಗುವುದು ಮುಂದಿನ ಸುತ್ತು ನಡೆಸುವ ಸರದಿ, ಅಂದರೆ ಎರಡು ತಿಂಗಳು ಬಿಟ್ಟಿ ಚಾಕರಿ. ಅದಕ್ಕಾಗಿ ಜನ ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾಯುತ್ತಾರೆ.

ಬಳಗದಲ್ಲಿ ಯಾರಿಗೂ ಯಾರ ಹೆಸರೂ ಬೇಕಿಲ್ಲ. ಕೆಲಸದಿಂದಲೋ ಕೀಟಲೆಯಿಂದಲೋ ಬಂದ ಅಡ್ಡಹೆಸರೇ ಸಾಕು. ಇವಳು ಕನ್ನಡಕದಾಕೆ. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ, ಅಂಚು ಇಳಿಸಿ, ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಅತ್ತಿತ್ತ ಆದರೂ ಗಿರಾಕಿಗೆ ತಲೆನೋವು. ಬೆಳಗಿನಿಂದ ಸಂಜೆವರೆಗೆ ಉಜ್ಜುವ ಯಂತ್ರದ ಮುಂದೆ ಒಂದು ಕಿವಿಯಲ್ಲಿ ಹಾಡು, ಇನ್ನೊಂದು ಕಿವಿ ಅಂಗಡಿ ಯಜಮಾನರ ಕೂಗಿಗೆ ಮೀಸಲು.

ಮನೆಗೆ ಬಂದಮೇಲೆ ಅತ್ತೆಗೆ ಅದೇ ಹಾಡುಗಳನ್ನು ಜೋರಾಗಿ ಕೇಳಿಸಬೇಕು. ಅತ್ತೆಗೆ ಒಂದೇ ಕಿವಿ ಕೇಳುವುದು, ಆದರೆ ಅದು ಹತ್ತು ಕಿವಿಗೆ ಸಮ. ಯಾವ ಭಾಷೆಯೂ ತಿಳಿಯದಿದ್ದರೂ ತೀರ್ಪು ಮಾತ್ರ ಖಡಾಖಂಡಿತ. "ಇವನು ಹೊಟ್ಟೆ ತುಂಬಾ ಉಂಡು ಹಾಡ್ತಿದಾನೆ, ದುಃಖ ಎಲ್ಲಿಂದ ಬರಬೇಕು, ಮುಂದಿನದು ಹಾಕು." "ಈ ಹುಡುಗಿಗೆ ನಿದ್ದೆ ಸಾಲದು. ಆದ್ರೆ ಕಂಠ ಇದೆ. ಎಂಟು ಕೊಡು." ಸೊಸೆ ಕೊಡುತ್ತಿದ್ದಳು. ಅತ್ತೆ ಸೊಸೆ ಒಮ್ಮತಕ್ಕೆ ಬರುವುದು ಈ ಮನೆಯಲ್ಲಿ ಇದೊಂದು ವಿಷಯದಲ್ಲೇ ಎಂದು ಗಂಡ ನಗುತ್ತಿದ್ದ. ಗಂಡ ಬ್ರೆಡ್ಡಿನ ಗಾಡಿ ಓಡಿಸುವವನು. ಹಾಡೆಂದರೆ ಅವನಿಗೆ ಇಂಜಿನ್ನು ಸರಿಯಾಗಿರುವ ಸದ್ದು.

ಮಗಳು ಮಾತ್ರ ಅಂದಿನ ಮಾತನ್ನು ಮರೆಯಲಿಲ್ಲ. ತಾಯಿ ಹತ್ತೊಂಬತ್ತನೆಯವಳಾಗಿ ಬಂದ ದಿನ, "ಇನ್ನೂ ಏಳು ವರ್ಷ ಇದೆ ಬಿಡಮ್ಮ" ಎಂದು ಬೆನ್ನು ತಟ್ಟಿದಳು. ಆರನೆಯವಳಾಗಿ ಬಂದ ದಿನ, "ಹುಷಾರು, ಹೀಗೇ ಹೋದ್ರೆ ಗೆದ್ದುಬಿಡ್ತೀಯ" ಎಂದು ರೇಗಿಸಿದಳು. ಐವತ್ತೊಂಬತ್ತನೇ ಸುತ್ತಿನಲ್ಲಿ ತಾಯಿ ನಿಜಕ್ಕೂ ಗೆದ್ದಾಗ, ನೂರ ನಲವತ್ತೊಂದು ಅಂಕ, ಎರಡನೆಯವರಿಗಿಂತ ಮೂರು ಹೆಚ್ಚು, ಹದಿನೇಳು ದಾಟಿದ ಆ ಹುಡುಗಿ ಕುರ್ಚಿಯ ಮೇಲೆ ಹತ್ತಿ ನಿಂತು ಕಿರುಚಿದಳು. ಕೆಳಗಿನ ಮನೆಯವರು ಏನು ಬಿತ್ತೋ ಎಂದು ಓಡಿ ಬಂದರು. ಗಂಡ ಮರುದಿನ ಗಾಡಿಯಲ್ಲಿ ಉಳಿದ ಬನ್ನುಗಳನ್ನೆಲ್ಲ ಮೆಟ್ಟಿಲಿನುದ್ದಕ್ಕೂ ಹಂಚಿದ. "ನಮ್ಮನೇಲಿ ಅಂತಾರಾಷ್ಟ್ರೀಯ ಚಾಂಪಿಯನ್ ಇದಾಳೆ" ಎಂದು ಮಗಳು ತರಗತಿಯಲ್ಲಿ ಯಾರನ್ನೂ ಬಿಡದೆ ಹೇಳಿದಳು. ಭೂಗೋಳದ ಟೀಚರಿಗೆ ಎರಡು ಸಲ ಹೇಳಿದಳು.

ಹಾಗೆ ಅರವತ್ತನೇ ಸುತ್ತು ನಡೆಸುವ ಸರದಿ ಕನ್ನಡಕದಾಕೆಗೆ ಬಂತು. ಅವಳು ನಡೆಸಿದ ಚೆಂದ ನೋಡಬೇಕಿತ್ತು. ಮೂವತ್ತಮೂರು ಮಂದಿ, ಮೂವತ್ತಮೂರು ಹಾಡು. ಐದು ನಿಮಿಷಕ್ಕಿಂತ ಉದ್ದವೇ, ಎರಡು ವರ್ಷಕ್ಕಿಂತ ಹಳೆಯದೇ ಎಂದು ಪ್ರತಿ ಹಾಡನ್ನೂ ಗಾಜು ಹಿಡಿದು ನೋಡಿದ ಹಾಗೆ ಬೆಳಕಿಗೆ ಹಿಡಿದು ನೋಡಿದಳು. ಯಾವ ದೇಶದಲ್ಲಿ ಯಾವಾಗ ಹಗಲು, ಯಾವಾಗ ಇರುಳು ಎಂದು ಒಂದು ಹಾಳೆ ಬರೆದು ಫ್ರಿಜ್ಜಿಗೆ ಅಂಟಿಸಿಕೊಂಡಳು. ತಡಮಾಡುವವರಿಗೆ ಅವರವರ ಜಾಯಮಾನಕ್ಕೆ ತಕ್ಕ ಹಾಗೆ ಬರೆದಳು: ಹಲ್ಲಿನ ಡಾಕ್ಟರಿಗೆ "ಡಾಕ್ಟ್ರೇ, ನಿಮ್ಮ ಅಂಕ ಕೀಳೋಕೆ ಅರಿವಳಿಕೆ ಕೊಡ್ಬೇಕಾ?", ಎರಡು ಮಕ್ಕಳ ದಾದಿಗೆ "ನಿಧಾನ ತಾಯಿ, ಮಕ್ಕಳು ಮಲಗಿದ ಮೇಲೆ ಕೇಳಿ". ಶುಕ್ರವಾರ ಸಂಜೆಯ ಗಡುವಿಗೆ ಮೂವತ್ತಮೂರೂ ಅಂಕಪಟ್ಟಿಗಳು ಬಂದು ಬಿದ್ದವು. ಒಬ್ಬರೂ ಔಟಿಲ್ಲ. ಅರವತ್ತು ಸುತ್ತಿನಲ್ಲಿ ಹಾಗೆ ಆದದ್ದು ಅದೇ ಮೊದಲು. ಬಳಗ ಕಟ್ಟಿದ ಮಾಸ್ತರಿಗೂ ಅದು ಆಗಿರಲಿಲ್ಲ. ಅವಳು ಒಂದು ಲೋಟ ಚಹಾ ಮಾಡಿಕೊಂಡು, ಒಬ್ಬಳೇ ಕೂತು, ಆ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿ ಸಂತೋಷಪಟ್ಟಳು.

ಅಷ್ಟು ಹೊತ್ತಿಗೆ ಅತ್ತೆ ಬಂದು ಕೂತರು. "ನಮ್ಮ ಹಾಡಿಗೆ ಯಾರ್ಯಾರು ಏನೇನಂದ್ರು, ಓದು."

ಅಂಕದ ಜೊತೆ ಒಂದೊಂದು ಸಾಲು ಅಭಿಪ್ರಾಯ ಬರೆಯುವುದು ಬಳಗದ ರೂಢಿ. ಅವಳು ಓದುತ್ತಾ ಬಂದಳು. ಗಾರೆಯವನ ಪಟ್ಟಿ ಬಂತು. ಗಾರೆಯವನು ಇಟ್ಟಿಗೆ ಕಟ್ಟುವ ಕೆಲಸದವನು. ಬಳಗಕ್ಕೆ ಬಂದದ್ದು ಹೋದ ಸುತ್ತಿನಲ್ಲಿ. ಫಲಿತಾಂಶ ಓದುವ ಹೊತ್ತಿಗೆ ಅವನ ಕಡೆ ಕೆಲಸದ ಸಮಯ, ಸಾರುವೆ ಮೇಲಿರುತ್ತಾನೆ, ಹಾಗಾಗಿ ಅವನ ದನಿ ಯಾರೂ ಕೇಳಿರಲಿಲ್ಲ. ಬೇರೆಯವರ ಹಾಗೆ ಅವನು ಪಕ್ಕದಲ್ಲಿ ಅಂಕೆ ಬರೆಯುವವನಲ್ಲ. ಹತ್ತು ಹಾಡಿನ ಹೆಸರು ಒಂದರ ಕೆಳಗೊಂದು, ಅಷ್ಟೇ. ಇವರ ಹಾಡು ಕಟ್ಟಕಡೆಯ ಸಾಲಿನಲ್ಲಿತ್ತು. ಅವಳು ಅದಕ್ಕೆ ಒಂದು ಅಂಕ ಎಂದು ಆಗಲೇ ಹಾಕಿಯಾಗಿತ್ತು.

"ಒಂದೇ ಅಂಕಾನಾ? ಹೋಗ್ಲಿ, ಏನಂತಾನೆ?"

"'ಈ ಹಾಡು ಹಾಕಿದ್ರೆ ಇಟ್ಟಿಗೆ ತಾನಾಗೇ ಕೈಗೆ ಬರುತ್ತೆ. ಮೂರನೇ ಮಹಡೀಲಿ ಎಲ್ಲರ ಬಾಯಲ್ಲೂ ಇದೇ. ನಿನ್ನೆ ನಮ್ಮ ಮೇಸ್ತ್ರಿ ಗುನುಗುತ್ತಿದ್ದಾಗ ಸಿಕ್ಕಿಬಿದ್ದ.'"

ಅತ್ತೆ ಕಣ್ಣು ಕಿರಿದು ಮಾಡಿದರು. "ಹನ್ನೆರಡು ಕೊಟ್ಟ ಹಾಡಿಗೆ ಏನಂದಿದಾನೆ?"

ಅವಳು ಪಟ್ಟಿಯ ಮೊದಲ ಸಾಲಿಗೆ ಹೋದಳು. "'ಪರವಾಗಿಲ್ಲ.'"

"ಪರವಾಗಿಲ್ಲ ಅನ್ನೋದಕ್ಕೆ ಹನ್ನೆರಡು, ಮೇಸ್ತ್ರೀನೇ ಕುಣಿಸಿದ ಹಾಡಿಗೆ ಒಂದು! ಇದ್ಯಾವ ನ್ಯಾಯ ಕಣೇ? ಕೇಳು ಅವನ್ನ."

ಅವಳು ಕೇಳಿದಳು. ಗಾರೆಯವನ ಉತ್ತರ ಹತ್ತು ನಿಮಿಷದಲ್ಲಿ ಬಂತು. ಗೋಡೆ ಕೆಳಗಿಂದ ತಾನೇ ಕಟ್ಟೋದು ಅಕ್ಕಾ? ಮೊದಲ ಸಾಲು ತಳದ್ದು. ಕೊನೇ ಸಾಲೇ ಎಲ್ಲಕ್ಕಿಂತ ಮೇಲೆ. ನಿಮ್ಮದಕ್ಕೆ ನನ್ನ ಹನ್ನೆರಡು.

"ಹನ್ನೆರಡು!" ಎಂದು ಅತ್ತೆ ಮೇಜು ಕುಟ್ಟಿದರು. "ನಾನು ಹೇಳ್ಲಿಲ್ವಾ? ಈ ಕಿವೀನ ಯಾರೂ ಏಮಾರಿಸೋಕಾಗಲ್ಲ."

ಸೊಸೆಯೂ ನಕ್ಕಳು, ನಗುತ್ತಲೇ ಅಂಕ ತಿದ್ದಿದಳು. ಒಮ್ಮೆಗೇ ಹನ್ನೊಂದು ಅಂಕ ಹೆಚ್ಚು. ಆಮೇಲೆ ಅವಳ ಕೈ ನಿಂತಿತು. ಇನ್ನೊಂದು ಸಾಲು ಬರೆದು ಕಳಿಸಿದಳು: ಹೋದ ಸುತ್ತಿನಲ್ಲೂ ಹೀಗೇ ಬರೆದಿದ್ರಾ?

ಹೌದಕ್ಕಾ, ಹೀಗೇ. ಯಾಕೆ, ತಪ್ಪಾಯ್ತಾ?

ಹೋದ ಸುತ್ತು ನಡೆಸಿದವರು ಮಾಸ್ತರು. ಸರದಿ ಒಪ್ಪಿಸುವಾಗ ಹಳೆಯ ಪಟ್ಟಿಗಳನ್ನೆಲ್ಲ ಇವಳಿಗೇ ಕೊಟ್ಟಿದ್ದರು. ತೆಗೆದು ನೋಡಿದಳು. ಗಾರೆಯವನ ಪಟ್ಟಿಯ ಮೊದಲ ಸಾಲಿನಲ್ಲಿ ಅವಳ ಹಾಡೇ ಇತ್ತು. ಮಾಸ್ತರು ಎಲ್ಲರ ಪಟ್ಟಿಯಂತೆ ಅದನ್ನೂ ಮೇಲಿಂದ ಓದಿ ಹನ್ನೆರಡು ಹಾಕಿದ್ದರು. ಅವನು ಕೊಟ್ಟದ್ದು ಒಂದು. ನೂರ ನಲವತ್ತೊಂದರಲ್ಲಿ ಹನ್ನೊಂದು ಕಳೆದರೆ ನೂರ ಮೂವತ್ತು. ಎರಡನೆಯವರದು ನೂರ ಮೂವತ್ತೆಂಟು, ಗಾರೆಯವನ ಪಟ್ಟಿಯಲ್ಲಿ ಅವರ ಹಾಡು ಇರಲೇ ಇಲ್ಲ, ಆದ್ದರಿಂದ ಹಾಗೇ ನೂರ ಮೂವತ್ತೆಂಟು. ಮೂರು ಸಲ ಕೂಡಿದಳು. ಲೆಕ್ಕ ಮೂರು ಸಲವೂ ಅಷ್ಟೇ ಹೇಳಿತು.

ಆ ಎರಡನೆಯವರು ಯಾರೆಂದರೆ ಎರಡಕ್ಕ. ಸಿಟಿ ಬಸ್ಸು ಓಡಿಸುವ ಹೆಂಗಸು. ಆ ಸುತ್ತಿಗೆ ಮುಂಚೆಯೇ ಆರು ಸಲ ಎರಡನೆಯ ಸ್ಥಾನಕ್ಕೆ ಬಂದು, ಒಂದು ಸಲವೂ ಗೆಲ್ಲದೆ, ಆ ಹೆಸರು ಸಂಪಾದಿಸಿದವಳು. ಬಳಗವೆಲ್ಲ ಅವಳನ್ನು ರೇಗಿಸುತ್ತಿತ್ತು, ಎಲ್ಲರಿಗಿಂತ ಜೋರಾಗಿ ಅವಳೇ ನಗುತ್ತಿದ್ದಳು. ಐವತ್ತೊಂಬತ್ತನೇ ಸುತ್ತು ಮುಗಿದಾಗ ಮೊದಲು ಅಭಿನಂದನೆ ಹೇಳಿದವಳೂ ಅವಳೇ.

"ಏನೇ, ಮುಖ ಯಾಕೆ ಹಾಗಾಯ್ತು?" ಎಂದರು ಅತ್ತೆ.

"ಅತ್ತೆ, ಹೋದ ಸಲ ನಾನು ಗೆದ್ದಿಲ್ಲ."

ಅತ್ತೆ ಆ ಕಿವಿಯನ್ನು ಇತ್ತ ತಿರುಗಿಸಿದರು. ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಸೊಸೆಯ ತಣ್ಣಗಾದ ಚಹಾವನ್ನು ತಾವೇ ಬಿಸಿ ಮಾಡಿ ತಂದಿಟ್ಟರು. ಹನ್ನೊಂದು ವರ್ಷದಲ್ಲಿ ಅದೂ ಮೊದಲು.

ಗಂಡ ಊಟ ಮುಗಿಸಿ ಕೈ ತೊಳೆಯಲು ಎದ್ದವನು ವಿಷಯ ಕೇಳಿ ಮತ್ತೆ ಕೂತ. "ಇದು ಗೊತ್ತಿರೋದು ಯಾರ್ಯಾರಿಗೆ?"

"ನಂಗೆ. ಅತ್ತೆಗೆ. ಈಗ ನಿಮಗೆ."

"ಆ ಗಾರೆಯವನಿಗೆ?"

"ಅವನಿಗೆ ಲೆಕ್ಕ ಗೊತ್ತಿಲ್ಲ. ತಪ್ಪಾಯ್ತಾ ಅಂತ ಕೇಳಿದಾನೆ, ಅಷ್ಟೆ."

"ಸುಳ್ಳು ಹೇಳು ಅಂತಿಲ್ಲ ನಾನು," ಎಂದು ಗಂಡ ನಿಧಾನಕ್ಕೆ ಅಂದ. "ಆದ್ರೆ ಗಾಡಿ ಮುಂದಕ್ಕೆ ಹೋಗಿದೆ. ಬ್ರೆಡ್ಡು ಹಂಚಿ ಆಗಿದೆ. ತಿಂದೋರ ಬಾಯಿಂದ ವಾಪಸ್ ಕೇಳ್ತೀಯಾ? ಇದು ನಿನ್ನ ತಪ್ಪೂ ಅಲ್ಲ, ಮಾಸ್ತರದ್ದು. ಮತ್ತೆ..." ಅವನು ಮಗಳ ಕೋಣೆಯ ಬಾಗಿಲಿನ ಕಡೆ ನೋಡಿದ. "ಅವಳಿಗೆ ಕೊಟ್ಟ ಮಾತು?"

ಅದೇ ಅವಳಿಗೆ ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಗಿತ್ತು. ಬರುವ ಬುಧವಾರ ಮಗಳಿಗೆ ಹದಿನೆಂಟು.

ಶನಿವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಯಂತ್ರ ನಿಲ್ಲಿಸಿ ಮಾಸ್ತರಿಗೆ ಫೋನು ಮಾಡಿದಳು. ಮಾಸ್ತರು ನಿವೃತ್ತ ಲೆಕ್ಕದ ಮೇಷ್ಟ್ರು. ಈ ಬಳಗ ಕಟ್ಟಿದ ಹನ್ನೆರಡು ವರ್ಷದಲ್ಲಿ ತಾವು ಹಾಕಿದ ಒಂದು ಅಂಕವೂ ಆಚೀಚೆ ಆಗಿಲ್ಲ ಎಂಬುದು ಅವರ ಒಣಜಂಬವಲ್ಲ, ಈ ತನಕ ನಿಜವೇ ಆಗಿತ್ತು. ಪೂರ್ತಿ ಕೇಳಿ ಅವರು ಕಾಗದ ತೆಗೆದು ತಾವೇ ಕೂಡತೊಡಗಿದರು. ಪೆನ್ಸಿಲು ಗೀಚುವ ಸದ್ದು ಫೋನಿನಲ್ಲೂ ಕೇಳಿತು.

"ಮಾಸ್ತರೇ, ಇದೀರಾ?"

"ಇದೀನಿ ತಂಗಿ. ಮೂವತ್ತೈದು ವರ್ಷ ಮಕ್ಕಳ ಕಿವಿ ಹಿಂಡಿದೆ, ಪ್ರಶ್ನೆ ಪೂರ್ತಿ ಓದಿ ಆಮೇಲೆ ಉತ್ತರ ಬರೀರಿ ಅಂತ. ಈಗ ನನ್ನ ಕಿವಿ ಯಾರು ಹಿಂಡ್ತಾರೆ?" ನಕ್ಕರು, ನಗು ಅರ್ಧಕ್ಕೆ ನಿಂತಿತು. "ನಾಳೆ ಫಲಿತಾಂಶ ಓದುವಾಗ ಎಲ್ಲರ ಮುಂದೆ ನಾನೇ ಹೇಳ್ತೀನಿ. ನೀನು ಹೇಳೋದು ಬೇಡ. ಗೆಲುವು ಹೋಗೋದು ನಿಂದು, ಬಾಯಿ ನೋವೂ ನಿಂಗೇ ಯಾಕೆ?"

"ಬೇಡ ಮಾಸ್ತರೇ. ಈ ಸುತ್ತಿನ ಸರದಿ ನಂದು. ನನ್ನ ಸರದೀಲಿ ಸಿಕ್ಕ ತಪ್ಪು ನಾನೇ ಹೇಳ್ಬೇಕು."

"ಗೆದ್ದೋಳು ನೀನಲ್ಲ ಅಂದ್ಮೇಲೆ ಸರದೀನೂ ನಿಂದಲ್ವಲ್ಲ ತಂಗಿ."

ಅದು ಅವಳಿಗೆ ಹೊಳೆದಿರಲಿಲ್ಲ. ಅರವತ್ತನೇ ಸುತ್ತಿನ ಆ ಮೂವತ್ತಮೂರು ಪಟ್ಟಿ, ಫ್ರಿಜ್ಜಿನ ಮೇಲಿನ ಹಾಳೆ, ಹಲ್ಲಿನ ಡಾಕ್ಟರಿಂದ ಅಂಕ ಕೀಳಿಸಿದ ಎರಡು ತಿಂಗಳು, ಇದೆಲ್ಲ ಇನ್ನೊಬ್ಬರ ಕೆಲಸವಾಗಿತ್ತು. ಯಂತ್ರದ ಮೇಲಿನ ಗಾಜಿನ ಪುಡಿಯನ್ನು ಬೆರಳಿಂದ ಒಂದು ಕಡೆ ಗುಡ್ಡೆ ಮಾಡುತ್ತಾ ಅವಳು ಹೇಳಿದಳು: "ಹಾಗಾದ್ರೆ ಎರಡಕ್ಕನ ಕೆಲಸ ನಾನು ಮಾಡ್ಕೊಟ್ಟಿದೀನಿ ಅಂತ ತಿಳ್ಕೊಳ್ಳಿ. ಚೆನ್ನಾಗೇ ಮಾಡಿದೀನಿ."

"ಚೆನ್ನಾಗಾ?" ಎಂದರು ಮಾಸ್ತರು. "ಮೂವತ್ತಮೂರಕ್ಕೆ ಮೂವತ್ತಮೂರು! ನನ್ನ ಜನ್ಮದಲ್ಲಿ ಆಗಿಲ್ಲ ಅದು."

ಮಗಳಿಗೆ ಸಂಜೆ ಹೇಳಿದಳು. ಫಲಿತಾಂಶದ ದಿನ ಪರದೆಯ ಮೇಲೆ ಅಂಕಗಳನ್ನು ಏರಿಸುವುದು, ಇಳಿಸುವುದು ಮಗಳ ಕೆಲಸ. ಅದಕ್ಕೆಂದೇ ಮೇಜಿಗೆ ಕೂತಿದ್ದವಳು ಬೆರಳು ತೆಗೆದು ಕೈ ಕಟ್ಟಿದಳು.

"ಎರಡು ತಿಂಗಳಿಂದ ಊರಿಗೆಲ್ಲ ಸಾರಿದೀನಿ ಅಮ್ಮಾ."

"ಗೊತ್ತು."

"ಟೀಚರಿಗೆ ಏನ್ ಹೇಳ್ಲಿ? ಸಾರಿ ಮಿಸ್, ನಮ್ಮಮ್ಮನ ಕಪ್ಪು ವಾಪಸ್ ಹೋಯ್ತು ಅಂತಲಾ?"

"ಕಪ್ಪೇ ಕೊಟ್ಟಿರಲಿಲ್ಲವಲ್ಲ," ಎಂದರು ಅಜ್ಜಿ.

"ನೀವ್ ಸುಮ್ನಿರಿ ಅಜ್ಜಿ, ಎಲ್ಲ ಶುರು ಮಾಡಿದ್ದು ನೀವೇ!" ಅವಳ ಕಣ್ಣು ತುಂಬಿದವು. ಒರೆಸಿಕೊಂಡು, ವಕೀಲರ ಹಾಗೆ ದನಿ ತಗ್ಗಿಸಿದಳು. "ಸರಿ. ಹೇಳು. ಆದ್ರೆ ಗುರುವಾರ ಹೇಳು. ನಂಗೆ ಹದಿನೆಂಟಾಗೋದು ಬುಧವಾರ. ಬುಧವಾರದವರೆಗೂ ನೀನು ಗೆದ್ದೋಳೇ. ಮಾತು ಉಳಿಯತ್ತೆ. ಗುರುವಾರ ಗೆಲುವು ಕೊಟ್ಟುಬಿಡು. ಯಾರಿಗೇನು ನಷ್ಟ? ಬರೀ ನಾಲ್ಕು ದಿನ."

ಗಂಡ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ತಲೆದೂಗಿದ. ಮಗಳ ತಲೆ ಚುರುಕೆಂದು ಅವನಿಗೆ ಮೊದಲಿಂದ ಗೊತ್ತು.

ಕನ್ನಡಕದಾಕೆಯೂ ಒಂದು ಕ್ಷಣ ಅದರ ರುಚಿ ನೋಡಿದಳು. ನಾಲ್ಕೇ ದಿನ. ಎರಡಕ್ಕ ಹನ್ನೆರಡು ವರ್ಷ ಕಾದವಳು, ನಾಲ್ಕು ದಿನ ಕಾಯಳೇ? ಆಮೇಲೆ ಅವಳಿಗೆ ಕಂಡದ್ದು, ಭಾನುವಾರ ಮೂವತ್ತಮೂರು ಮಂದಿ ಅವಳ ದನಿ ಕೇಳುತ್ತಾ ಕೂತಿರುತ್ತಾರೆ, ಎರಡಕ್ಕ ಡಿಪೋದಲ್ಲಿ ಬಸ್ಸು ನಿಲ್ಲಿಸಿಕೊಂಡು ಕೇಳುತ್ತಾಳೆ, ಅವಳು ಎಂದಿನಂತೆ ರೇಗಿಸಿಕೊಂಡು ಎಂದಿನಂತೆ ನಗುತ್ತಾಳೆ, ಮತ್ತು ಕನ್ನಡಕದಾಕೆ ಆ ನಗುವನ್ನು ಕೇಳಿಸಿಕೊಂಡು ಮುಂದಿನ ಅಂಕ ಓದಬೇಕು.

"ಆಗಲ್ಲ ಪುಟ್ಟಿ," ಎಂದಳು. "ಇವತ್ತು ಗೊತ್ತಾಗಿದೆ ಅಲ್ವಾ. ಬುಧವಾರದ ಹೊತ್ತಿಗೆ ನಾನು ಗೆದ್ದೋಳಾಗಿರಲ್ಲ. ಬಾಯ್ಮುಚ್ಕೊಂಡು ಕೂತೋಳಾಗಿರ್ತೀನಿ. ಅದನ್ನ ನಿಂಗೆ ಕೊಡ್ತೀನಿ ಅಂತ ನಾನು ಮಾತು ಕೊಟ್ಟಿರಲಿಲ್ಲ."

ಮಗಳು ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ದಬಾರೆಂದು ಹಾಕಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

ಭಾನುವಾರ ನಾಲ್ಕು ಗಂಟೆಗೆ ಅಡುಗೆಮನೆ ರೇಡಿಯೋ ಸ್ಟೇಷನ್ನಿನಂತಾಯಿತು. ಒಲೆ ಆರಿಸಿ, ಕಿಟಕಿ ಮುಚ್ಚಿ, ಬೀದಿಯ ಸದ್ದು ಬಾರದಂತೆ ಗಂಡ ಬಾಗಿಲಿನ ಸಂದಿಗೆ ಟವಲು ತುರುಕಿದ. ಅತ್ತೆ ಒಗೆದ ಸೀರೆ ಉಟ್ಟು ಕುರ್ಚಿ ಎಳೆದುಕೊಂಡರು, ಕೇಳುವ ಕಿವಿ ಕಂಪ್ಯೂಟರಿನ ಕಡೆಗೆ. ಮೈಕಿನ ಮುಂದೆ ಕನ್ನಡಕದಾಕೆ. ಪಕ್ಕದ ಸ್ಟೂಲು ಖಾಲಿ. ಶುರುವಾಗಲು ಎರಡು ನಿಮಿಷ ಇರುವಾಗ ಮಗಳು ಬಂದು ಕೂತಳು. ಮುಖ ಗಂಟು ಹಾಕಿಕೊಂಡೇ ಇತ್ತು. ತಾಯಿಯ ಕಡೆ ನೋಡಲಿಲ್ಲ.

ಒಬ್ಬೊಬ್ಬರೇ ಬಂದು ಸೇರಿದರು. ಎಲ್ಲರೂ ಒಂದೇ ಭಾಷೆಯನ್ನು ತಮಗೆ ಬಂದಷ್ಟು ಹರಕುಮುರುಕಾಗಿ ಆಡುವವರು, ಅಷ್ಟರಲ್ಲೇ ಜಗಳ, ಜೋಕು ಎಲ್ಲ ನಡೆಯುತ್ತದೆ. ಯಾರದೋ ಮನೆಯ ನಾಯಿ ಬೊಗಳಿತು. ಯಾರದೋ ಕಡೆ ಕಾಂಕ್ರೀಟು ಕಲಸುವ ಯಂತ್ರ ಗುಡುಗುಡು ಎನ್ನುತ್ತಿತ್ತು.

"ಅದ್ಯಾರಪ್ಪಾ ಹಿಟ್ಟಿನ ಗಿರಣೀಲಿ ಕೂತಿರೋದು?" ಎಂದರು ಹಲ್ಲಿನ ಡಾಕ್ಟರು.

"ನಾನು, ಗಾರೆ," ಎಂದಿತು ಹೊಸ ದನಿ. "ಅಕ್ಕ ತಪ್ಪೋ ಸರಿಯೋ ಹೇಳ್ಲೇ ಇಲ್ಲ. ಅದಕ್ಕೆ ಮೇಸ್ತ್ರಿ ಹತ್ರ ಒಂದು ಗಂಟೆ ರಜಾ ಕೇಳ್ಕೊಂಡು ಬಂದೆ."

ಕನ್ನಡಕದಾಕೆ ಗಂಟಲು ಸರಿಮಾಡಿಕೊಂಡಳು. "ಎಲ್ಲರಿಗೂ ನಮಸ್ಕಾರ. ಈ ಸುತ್ತಿನ ಅಂಕ ಓದೋ ಮುಂಚೆ ಹೋದ ಸುತ್ತಿನ ಒಂದು ವಿಷಯ ಇದೆ. ಹೋದ ಸಲ ಒಬ್ಬರ ಪಟ್ಟಿ ತಲೆಕೆಳಗಾಗಿ ಓದಿಬಿಟ್ಟಿದ್ವಿ..."

ಮುಂದಿನ ವಾಕ್ಯಕ್ಕೆ ಅವಳು ಉಸಿರು ಎಳೆದುಕೊಳ್ಳುತ್ತಿರುವಾಗಲೇ ಪರದೆ ಬದಲಾಯಿತು. ಐವತ್ತೊಂಬತ್ತನೇ ಸುತ್ತಿನ ಪಟ್ಟಿ, ತಿದ್ದಿದ್ದು, ದೊಡ್ಡ ಅಕ್ಷರದಲ್ಲಿ. ಮೇಲಿನ ಸಾಲು ಎರಡಕ್ಕ, ನೂರ ಮೂವತ್ತೆಂಟು. ಕೆಳಗೆ ಕನ್ನಡಕದಾಕೆ, ನೂರ ಮೂವತ್ತು. ಈ ಪಟ್ಟಿ ಮಾಡು ಎಂದು ಅವಳು ಮಗಳಿಗೆ ಹೇಳಿರಲೇ ಇಲ್ಲ. ಮುಚ್ಚಿದ ಬಾಗಿಲ ಹಿಂದೆ ಮಗಳು ರಾತ್ರಿ ಮಾಡಿದ್ದು ಇದು. ಆ ಸುತ್ತಿನ ಎಲ್ಲರ ಅಂಕವನ್ನೂ ಮೊದಲಿಂದ ಕೂಡಿದ್ದಳು, ಪಕ್ಕದಲ್ಲಿ ಸಣ್ಣಗೆ ಗುರುತು ಹಾಕಿದ್ದಳು.

ಯಾರೋ ಪಟ್ಟಿಯ ಮೊದಲ ಸಾಲನ್ನು ಜೋರಾಗಿ ಓದಿದರು.

"ಓದಿದವನು ನಾನು," ಎಂದರು ಮಾಸ್ತರು. "ಹನ್ನೆರಡು ವರ್ಷದಲ್ಲಿ ಒಂದು ತಪ್ಪು, ಅದೂ ಇಂಥದ್ದು. ಎಲ್ಲರೂ ಒಂದೊಂದ್ಸಲ ಕಿವಿ ಹಿಂಡಿ."

"ಅಯ್ಯೋ ಅಕ್ಕಾ," ಗಾರೆಯವನ ದನಿ ಕುಸಿಯಿತು, "ನಾನೇ ನಿಮ್ಮ ಗೆಲುವು ಕೆಡವಿದ್ನಾ?"

"ಗೋಡೆ ಸೊಟ್ಟ ಎದ್ರೆ ನೀವೇನ್ ಮಾಡ್ತೀರಿ ತಮ್ಮಾ?"

"ಬೀಳಿಸಿ ಕಟ್ತೀವಿ."

"ಅಷ್ಟೇ ಮತ್ತೆ."

"ಎರಡಕ್ಕಾ," ಎಂದರು ಡಾಕ್ಟರು, "ಎಲ್ಲಿದೀರಿ? ಎದೆ ಒಡೀತಾ?"

ಎರಡಕ್ಕನ ಕಡೆಯಿಂದ ಮೂಗು ಒರೆಸಿದ ಸದ್ದು ಬಂತು. ಆಮೇಲೆ ಒಂದು ಸಣ್ಣ ದನಿ: "ನಾನೊಂದ್ಸಲ ಹಾರ್ನ್ ಹೊಡೀಲಾ?"

ಹೊಡೆದಳು. ಮೂವತ್ತಮೂರು ದೇಶದ ಸ್ಪೀಕರುಗಳು ಒಟ್ಟಿಗೆ ಅದುರಿದವು. ಅತ್ತೆ ಕೇಳದ ಕಿವಿಯನ್ನೂ ಮುಚ್ಚಿಕೊಂಡರು. ಅವಳು ಬಿಡಲಿಲ್ಲ, ಡಿಪೋದ ಬೇರೆ ಬಸ್ಸಿನವರೂ ಸೇರಿಕೊಂಡರೇನೋ, ಒಂದಾದ ಮೇಲೊಂದು ಹಾರ್ನು. ಗಂಡ ಬಾಗಿಲಿನ ಟವಲು ತೆಗೆದುಬಿಟ್ಟ. ಇನ್ನು ಬೀದಿಯ ಸದ್ದು ಬಂದರೇನು.

ಗದ್ದಲ ಇಳಿದ ಮೇಲೆ ಎರಡಕ್ಕ ಹೇಳಿದಳು: "ಕನ್ನಡಕದಮ್ಮಾ, ಸರದಿ ನಂದಾಗಿತ್ತಲ್ವಾ? ನಾನು ನಡೆಸಿದ್ರೆ ಹತ್ತು ಜನ ಔಟಾಗ್ತಿದ್ರು. ಮೂವತ್ತಮೂರಕ್ಕೆ ಮೂವತ್ತಮೂರು ನನ್ನ ಕೈಲಿ ಆಗ್ತಿರಲಿಲ್ಲ. ಆ ಲೆಕ್ಕದಲ್ಲಿ ನಂಗೆ ಲಾಭಾನೇ."

ಮುಂದಿನ ಸುತ್ತಿನ ಸರದಿ ಎರಡಕ್ಕನಿಗೆ, ಈ ಸುತ್ತು ಗೆದ್ದವರಿಗೆ ಅದರ ಮುಂದಿನದು ಎಂದು ಎಲ್ಲರೂ ಒಪ್ಪಿದರು. ಇನ್ನು ಮೇಲೆ ಪ್ರತಿ ಹಾಡಿನ ಪಕ್ಕ ಅಂಕೆ ಬರೆಯಲೇಬೇಕೆಂದು ನಿಯಮ ಮಾಡಿದರು, ಅದಕ್ಕೆ ಗಾರೆ ನಿಯಮವೆಂದು ಹೆಸರಿಟ್ಟರು. ಗಾರೆಯವನು ಇದು ಬೈಗುಳವೋ ಗೌರವವೋ ಎಂದು ಕೇಳಿದ. ಎರಡೂ ಎಂದರು ಮಾಸ್ತರು.

ಆಮೇಲೆ ಅರವತ್ತನೇ ಸುತ್ತಿನ ಅಂಕ. ಕನ್ನಡಕದಾಕೆ ಒಬ್ಬೊಬ್ಬರ ಪಟ್ಟಿ ಓದಿದಳು, ಮಗಳ ಬೆರಳು ಪರದೆಯ ಮೇಲೆ ಹಾಡುಗಳನ್ನು ಏರಿಸುತ್ತಾ ಇಳಿಸುತ್ತಾ ಹೋಯಿತು. ಒಂದು ಅಂಕವೂ ತಡವರಿಸಲಿಲ್ಲ. ಗಾರೆಯವನ ಸರದಿ ಬಂದಾಗ ಅವಳು ತಳದಿಂದ ಶುರುಮಾಡಿ ಸಾಲು ಸಾಲಾಗಿ ಮೇಲೆ ಕಟ್ಟುತ್ತಾ ಬಂದಳು. ಕೊನೆಯ ಸಾಲಿಗೆ ತಲುಪಿದಾಗ ತನ್ನ ಹಾಡಿಗೆ ತಾನೇ ಹನ್ನೆರಡು ಓದಲು ನಾಚಿ ನಿಂತಳು.

ಮಗಳು ಬಗ್ಗಿ ಮೈಕು ತನ್ನತ್ತ ಎಳೆದುಕೊಂಡಳು. ಇಷ್ಟು ವರ್ಷದಲ್ಲಿ ಬಳಗ ಅವಳ ದನಿ ಕೇಳಿದ್ದು ಅದೇ ಮೊದಲು.

"ಗಾರೆಯವರ ಹನ್ನೆರಡು ಅಂಕ," ಎಂದಳು, "ನಮ್ಮಮ್ಮನಿಗೆ. ನಾನು ಮಗಳು ಮಾತಾಡ್ತಿರೋದು. ಹೋದ ಸುತ್ತಲ್ಲಿ ಎರಡನೇ ಸ್ಥಾನ ಬಂದಿದ್ರಲ್ಲ, ಅವರೇ ನಮ್ಮಮ್ಮ." ಎರಡನೇ ಸ್ಥಾನ ಎನ್ನುವುದನ್ನು ಅವಳು ಹೇಳಿದ ಠೀವಿಗೆ, ಮೊದಲ ಸ್ಥಾನ ಬಂದವರಿಗೂ ಹೊಟ್ಟೆ ಉರಿಯಬೇಕಿತ್ತು.

"ಏಯ್ ಹುಡುಗೀ," ಎಂದಳು ಎರಡಕ್ಕ, "ಎರಡನೇ ಸ್ಥಾನ ನಂದು ಕಣೇ, ಕದೀಬೇಡ!"

ಹನ್ನೆರಡು ಸೇರಿದರೂ ಕನ್ನಡಕದಾಕೆಯ ಹಾಡು ನಾಲ್ಕನೆಯದಾಯಿತು. ಗೆದ್ದದ್ದು ಹಲ್ಲಿನ ಡಾಕ್ಟರು. ಎರಡನೆಯದು ಎರಡಕ್ಕ, ಏಳನೆಯ ಸಲ. ಅದಕ್ಕೂ ಒಂದು ಹಾರ್ನು ಆಯಿತು. ಮಾತು, ನಗು ಮುಗಿದು ಒಬ್ಬೊಬ್ಬರೇ ಹೊರಟುಹೋದ ಮೇಲೆ ಅತ್ತೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡರು.

"ನಾಲ್ಕನೇದು ಕಡಿಮೆ ಆಯ್ತು," ಎಂದರು. "ಆ ಡಾಕ್ಟರದ್ದು ನಾನಾದ್ರೆ ಮೂರೂ ಕೊಡ್ತಿರಲಿಲ್ಲ."

"ನೀವೇ ಅಲ್ವಾ ಅತ್ತೆ ಹತ್ತು ಕೊಡ್ಸಿದ್ದು?"

"ಆಗ ಅವನು ಗೆದ್ದಿರಲಿಲ್ಲವಲ್ಲ."

ಮಗಳು ತಂತಿಗಳನ್ನು ಸುತ್ತುತ್ತಿದ್ದಳು. ತಾಯಿ ಪಕ್ಕಕ್ಕೆ ಬಂದು ನಿಂತಳು.

"ಇನ್ನೂ ಮೂರು ದಿನ ಇದೆ ಅಮ್ಮಾ," ಎಂದಳು ಮಗಳು ತಲೆಯೆತ್ತದೆ. "ಮೂರು ದಿನದಲ್ಲಿ ಇನ್ನೊಂದು ಸುತ್ತು ಮಾಡಿಸ್ತೀಯಾ?"

"ಮಾಡಿಸ್ಬೋದು. ಮೂವತ್ತಮೂರು ಜನ ಒಪ್ಪಬೇಕಲ್ಲ."

"ನೀನು ಕೇಳಿದ್ರೆ ಒಪ್ತಾರೆ," ಎಂದಳು ಮಗಳು. ತಂತಿಯ ಸುರುಳಿ ತಾಯಿಯ ಕೈಗಿಟ್ಟು, ಒಂದು ಕ್ಷಣ ಅವಳ ಭುಜಕ್ಕೆ ತಲೆ ಆನಿಸಿ, ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದಳು.

ಬುಧವಾರ ಮಗಳಿಗೆ ಹದಿನೆಂಟು ತುಂಬಿತು. ತಾಯಿ ಒಂದು ಸಲವೂ ಗೆದ್ದಿರಲಿಲ್ಲ. ಕೊಟ್ಟ ಮಾತು ನಡೆಯಲಿಲ್ಲ.